ಷಡ್ಡಕರ ಸಬ್‌ಮರೀನುಗಳು

ನೀರಿನ ಟ್ಯಾಂಕು ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಸುಣ್ಣದಕ್ಕ. ವೆಲ್ಡಿಂಗ್ ಮುಗಿದ ಟ್ಯಾಂಕಿನ ಬೆಸುಗೆಗೆ ಹೊರಗಡೆಯಿಂದ ಸುಣ್ಣದ ನೀರು ಬಳಿದು, ಅದು ಒಣಗಿದ ಮೇಲೆ ಒಳಗೆ ಇಳಿದು ಅದೇ ಬೆಸುಗೆಗೆ ಸೀಮೆಎಣ್ಣೆ ಸವರಿ, ಹೊರಗೆ ಬಂದು ಸ್ಟೂಲಿನ ಮೇಲೆ ಕೂತು ಕಾಯುವುದು ಅವಳ ಕೆಲಸ. ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ಬೆಳ್ಳಗಿನ ಸುಣ್ಣದ ಮೇಲೆ ಎಣ್ಣೆಯ ಕಲೆ ಮೂಡುತ್ತಿತ್ತು. ಕಲೆ ಮೂಡಿದರೆ ಟ್ಯಾಂಕು ಶೆಡ್ಡಿಗೆ ವಾಪಸ್ಸು. ಮಾಲೀಕರೇ ಬಂದು ಕೈಮುಗಿದರೂ ಅವಳು ಜಗ್ಗುತ್ತಿರಲಿಲ್ಲ.

ಕಾರ್ಖಾನೆಗೆ ಎರಡು ಶೆಡ್ಡು. ಒಂದನೆಯ ಶೆಡ್ಡಿನ ಮೇಸ್ತ್ರಿ ಅವಳ ಗಂಡ. ಎರಡನೆಯದರ ಮೇಸ್ತ್ರಿ ಅವಳ ತಂಗಿಯ ಗಂಡ. ಗಂಡ ಮಾತಿನಲ್ಲಿ ಮಹಾ ಜಿಪುಣ. ಮನೆಯಲ್ಲಿ ಅವನು ಇದ್ದಾನೋ ಇಲ್ಲವೋ ತಿಳಿಯಬೇಕೆಂದರೆ ಸುಣ್ಣದಕ್ಕ ಬಾಗಿಲ ಬಳಿ ಹೋಗಿ ಚಪ್ಪಲಿ ನೋಡಿ ಬರಬೇಕಿತ್ತು. ತಂಗಿಯ ಗಂಡ ಇದಕ್ಕೆ ಪೂರಾ ಉಲ್ಟಾ. ಆಳೂ ದಪ್ಪ, ದನಿ ಅದಕ್ಕಿಂತ ದಪ್ಪ. ಯಾವುದನ್ನೇ ಆಗಲಿ ಒಂದೇ ಒಂದು ಇಟ್ಟುಕೊಂಡು ನೆಮ್ಮದಿಯಾಗಿದ್ದ ಪ್ರಾಣಿಯಲ್ಲ. ಬಾಗಿಲಿಗೆ ಎರಡು ಬೀಗ, ಬೇಸಿಗೆಯಲ್ಲೂ ಎರಡು ಅಂಗಿ, ಪ್ಯಾಂಟಿಗೆ ಬೆಲ್ಟೂ ಬೇಕು, ಅದರ ಮೇಲೆ ಹಗ್ಗವೂ ಬೇಕು. ಅವನು ಕೆಲಸ ಕಲಿತದ್ದು ತನ್ನ ಷಡ್ಡಕನ ಕೈಕೆಳಗೇ. ಹದಿನೈದು ವರ್ಷದಿಂದ ಇಬ್ಬರೂ ಒಂದೇ ಗೇಟಿನಲ್ಲಿ ಒಳಹೋಗಿ ಒಂದೇ ಗೇಟಿನಲ್ಲಿ ಹೊರಬರುತ್ತಿದ್ದರು. ಮನೆಗಳೂ ಒಂದೇ ಗೋಡೆಯ ಆಚೀಚೆ. ಜಗಳವೆಂಬುದು ಇರಲಿಲ್ಲ. ಜಗಳಕ್ಕೆ ಇಬ್ಬರು ಬೇಕು, ಇಲ್ಲಿ ಮಾತಾಡುವವನು ಒಬ್ಬನೇ.

ಹಾಗಿರುವಾಗ ವಾಲ್ವುಗಳ ಪೆಟ್ಟಿಗೆಯೊಂದು ಬಂತು. ವಾಲ್ವುಗಳು ಒಂದಕ್ಕೊಂದು ತಾಗದಿರಲೆಂದು ನಡುವೆ ಯಾವುದೋ ಹಳೆಯ ಮಾಸಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ತುರುಕಿದ್ದರು. ಚಹಾದ ಹೊತ್ತಿನಲ್ಲಿ ಒಂದನೆಯ ಶೆಡ್ಡಿನ ಮೇಸ್ತ್ರಿ ಆ ಹಾಳೆಗಳನ್ನು ಬಿಡಿಸಿ, ಅಂಗೈಯಿಂದ ಇಸ್ತ್ರಿ ಮಾಡಿ, ಓದತೊಡಗಿದ. ಅಮೆರಿಕ ಮತ್ತು ರಷ್ಯಾದ ಸಬ್‌ಮರೀನುಗಳಲ್ಲಿ ಯಾವುದು ಮೇಲು ಎಂಬ ಲೇಖನ ಅದು. ಅಮೆರಿಕದವರದು ಬಹುಮಟ್ಟಿಗೆ ಒಂದೇ ಗೋಡೆಯ ಹಡಗು, ಸದ್ದಡಗಿಸಿಕೊಂಡು ತಿರುಗುವುದೇ ಅದರ ಬಲ. ರಷ್ಯಾದವರದು ಗೋಡೆಯೊಳಗೊಂದು ಗೋಡೆ. ಹೊರಗಿನದಕ್ಕೆ ಪೆಟ್ಟು ಬಿದ್ದರೂ ಒಳಗಿನದು ಕಾಯುತ್ತದೆ. ಕೆಲವಕ್ಕೆ ಟೈಟಾನಿಯಂ ಮೈ, ಭಾರೀ ಆಳಕ್ಕೆ ಇಳಿಯುವಂಥವು. ಒಂದು ದೈತ್ಯ ಹಡಗಿನಲ್ಲಂತೂ ಸಿಬ್ಬಂದಿಗೆಂದು ಪುಟ್ಟ ಈಜುಕೊಳವೇ ಇತ್ತಂತೆ. ವಿಮಾನ ಹೊರುವ ಹಡಗುಗಳು ಅಮೆರಿಕದ ಬಳಿ ಹನ್ನೊಂದು, ರಷ್ಯಾದ ಬಳಿ ಒಂದೇ ಒಂದು, ಅದೂ ರಿಪೇರಿಯಲ್ಲಿ. ಇಷ್ಟೆಲ್ಲ ಹೇಳಿದ ಲೇಖಕ, ಎರಡಕ್ಕೂ ಅವುಗಳದೇ ಆದ ಹೆಚ್ಚುಗಾರಿಕೆ ಇದೆ ಎಂದು ಕೊನೆಯಲ್ಲಿ ಕೈತೊಳೆದುಕೊಂಡಿದ್ದ.

ಮೇಸ್ತ್ರಿ ಹಾಳೆಯನ್ನು ಮಡಚಿಟ್ಟು, ಆ ತಿಂಗಳ ತನ್ನ ಮೊದಲ ಪೂರ್ತಿ ವಾಕ್ಯವನ್ನು ಆಡಿದ.

"ಅಮೆರಿಕದ್ದೇ ಸರಿ. ಬೆಸುಗೆ ನೆಟ್ಟಗಿದ್ರೆ ಎರಡನೇ ಗೋಡೆ ಯಾಕೆ?"

ತಂಗಿಯ ಗಂಡನಿಗೆ ಚಹಾ ನೆತ್ತಿಗೇರಿತು. ಹಾಳೆಯನ್ನು ಕಸಿದುಕೊಂಡು ನಿಂತಲ್ಲೇ ಓದಿ ಮುಗಿಸಿದ.

"ಯಾಕೆ ಅಂದ್ರೆ? ಬೆಸುಗೆ ಮಾಡೋನು ಮನುಷ್ಯ ಅಲ್ವಾ ಅಣ್ಣ? ಒಂದು ದಿನ ಕೈ ನಡುಗಿತು ಅಂತಿಟ್ಕೊಳ್ಳಿ. ಆಗ ಕಾಯೋರು ಯಾರು?"

"ಕೈ ನಡುಗಬಾರದು," ಎಂದು ಷಡ್ಡಕ ಎದ್ದು ಹೋದ.

ಅಲ್ಲಿಗೆ ಹೊತ್ತಿಕೊಂಡಿತು. ಆ ಊರಿನಿಂದ ಸಮುದ್ರ ಎಷ್ಟು ದೂರವೆಂದರೆ, ಇಬ್ಬರಲ್ಲಿ ಒಬ್ಬನೂ ಅದನ್ನು ಕಣ್ಣಾರೆ ಕಂಡವನಲ್ಲ. ಆದರೂ ವಾರ ಕಳೆಯುವುದರೊಳಗೆ ಕೆಲಸಗಾರರು ಒಬ್ಬನಿಗೆ ಅಮೆರಿಕ, ಇನ್ನೊಬ್ಬನಿಗೆ ರಷ್ಯಾ ಎಂದು ಹೆಸರಿಟ್ಟರು. ರಿಪೇರಿಯಲ್ಲಿರುವ ಹಡಗನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಎರಡು ಶೆಡ್ಡುಗಳ ನಡುವೆ ಮೂರು ದಿನ ವಾದ ನಡೆಯಿತು. "ನನ್ನ ಸ್ಕೂಟರು ಎರಡು ವರ್ಷದಿಂದ ರಿಪೇರೀಲಿದೆ. ಹಾಗಂತ ನಂಗೆ ಸ್ಕೂಟರೇ ಇಲ್ಲ ಅಂತೀರಾ?" ಎಂದು ರಷ್ಯಾ ಎದೆ ತಟ್ಟಿಕೊಂಡು ಕೇಳಿದ. ಅಮೆರಿಕ ತುಟಿ ಪಿಟಕ್ಕೆನ್ನದೆ ಬೆರಳೆತ್ತಿ, ಗೇಟಿನಾಚೆ ಬಸ್ಸಿಗಾಗಿ ನಿಂತವರ ಸಾಲು ತೋರಿಸಿದ. ರಷ್ಯಾ ದಿನಾ ನಿಲ್ಲುತ್ತಿದ್ದುದು ಅದೇ ಸಾಲಿನಲ್ಲಿ.

ಕಾರ್ಖಾನೆಯಲ್ಲಿ ಇದ್ದುದು ಮನೆಗೂ ಬಂತು. ರಷ್ಯಾ ಎರಡು ಮನೆಗಳ ನಡುವಿನ ಗೋಡೆಗೆ ತನ್ನ ಕಡೆಯಿಂದ ಇನ್ನೊಂದು ಗೋಡೆ ಎಬ್ಬಿಸಿದ. ಅವನ ನಡುಮನೆ ಆರಿಂಚು ಚಿಕ್ಕದಾಯಿತು. ಬೀರುವಿನ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯದಾಯಿತು. ಈ ಕಡೆ ಅಮೆರಿಕ ಎಲ್ಲ ಕುರ್ಚಿಗಳ ಕಾಲಿಗೂ ರಬ್ಬರು ಅಂಟಿಸಿದ, ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟ, ನಲ್ಲಿಯ ಕೆಳಗೆ ಬಟ್ಟೆ ಇಟ್ಟ. ಒಂದು ಬೆಳಿಗ್ಗೆ ಸುಣ್ಣದಕ್ಕ ಒಲೆಯ ಮುಂದೆ ನಿಂತಿದ್ದವಳು ಹಿಂತಿರುಗಿ ನೋಡಿದರೆ ಗಂಡ ಗೇಣು ದೂರದಲ್ಲಿ ನಿಂತಿದ್ದಾನೆ. ಅವಳು ಕಿಟಾರನೆ ಕಿರುಚಿದಳು. ಅವನ ಮುಖದಲ್ಲಿ ಅಂಥ ತೃಪ್ತಿಯನ್ನು ಅವಳು ಮದುವೆಯಾದ ದಿನವೂ ಕಂಡಿರಲಿಲ್ಲ.

ಸುದ್ದಿ ಮಾಲೀಕರ ಕಿವಿಗೆ ಬಿತ್ತು. ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಬೈಯಲಿಲ್ಲ, ಹೊಸ ಮಾದರಿಯ ಟ್ಯಾಂಕಿಗೆ ಒಂಟಿ ಗೋಡೆಯೋ ಜೋಡಿ ಗೋಡೆಯೋ ಎಂದು ಅವರೂ ತಲೆ ಕೆಡಿಸಿಕೊಂಡಿದ್ದರಂತೆ. "ಇಬ್ಬರೂ ಒಂದೊಂದು ಸಬ್‌ಮರೀನ್ ಮಾಡಿ. ಊರಾಚೆ ಕಲ್ಲುಗಣಿ ಹೊಂಡ ಇದೆಯಲ್ಲ, ಅದರಲ್ಲಿ ಒಂದು ಗಂಟೆ ಮುಳುಗಿ ಕೂತ್ಕೊಳ್ಳಿ. ಯಾರದು ಮೇಲು ಅಂತ ಸುಣ್ಣದಕ್ಕ ಹೇಳ್ಲಿ," ಎಂದುಬಿಟ್ಟರು.

ಸುಣ್ಣದಕ್ಕ ಓಡಿ ಬಂದಳು. "ಸಾರ್, ಒಬ್ಬರು ನನ್ನ ಗಂಡ, ಇನ್ನೊಬ್ಬ ನನ್ನ ತಂಗಿ ಗಂಡ. ನಾನು ಹೇಗೆ ನ್ಯಾಯ ಹೇಳ್ಲಿ?"

"ಅದಕ್ಕೇ ನೀವೇ ಸರಿ ಅಂದಿದ್ದು. ಯಾರ ಪರ ಹೇಳಿದ್ರೂ ನಿಮ್ಮ ಮನೆ ಕೆಡುತ್ತೆ. ಇಷ್ಟು ನಿಷ್ಪಕ್ಷಪಾತಿಗಳು ನಂಗೆ ಇನ್ನೆಲ್ಲಿ ಸಿಗ್ತಾರೆ?"

ಅವಳು ಎರಡು ಷರತ್ತು ಹಾಕಿದಳು. ಎರಡೂ ಸಬ್‌ಮರೀನುಗಳಿಗೆ ಕ್ರೇನಿನ ಸರಪಳಿ ಇರಬೇಕು, ಗಾಳಿಗೆಂದು ನೀರಿನ ಮೇಲಿನವರೆಗೂ ಅಗಲವಾದ ರಬ್ಬರ್ ಕೊಳವೆ ಇರಬೇಕು. ರಷ್ಯಾ ತಕ್ಷಣ ಎರಡು ಕೊಳವೆ ಕೇಳಿದ.

ಇನ್ನು ಉಳಿದದ್ದು ಪರವಾನಗಿ. ಹೊಂಡ ಸರ್ಕಾರದ್ದು. ಸುಣ್ಣದಕ್ಕ ಅರ್ಜಿ ಹಿಡಿದು ಕಚೇರಿಗೆ ಹೋದಳು. ಮೇಜಿನ ಹಿಂದೆ ಕೂತಿದ್ದ ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕವನ್ನು ಹಣೆಗೇರಿಸಿ ಕೇಳಿದ.

"ಇದು ಮುಳುಗೋದಕ್ಕೋ, ಏಳೋದಕ್ಕೋ?"

"ಎರಡಕ್ಕೂ ಸಾರ್. ಮುಳುಗಿದ ಮೇಲೆ ಏಳಲೇಬೇಕಲ್ಲ."

"ಹಾಗೆ ಒಟ್ಟಿಗೆ ಬರಲ್ಲಮ್ಮ. ಮುಳುಗೋದು ನಮ್ಮ ವಿಭಾಗ. ನೀರಿನಿಂದ ವಸ್ತು ಎತ್ತೋದು ಬೇರೆ ವಿಭಾಗ, ಮೇಲಿನ ಮಹಡಿ. ಅಲ್ಲಿನ ಸಾಹೇಬರು ರಜದಲ್ಲಿದ್ದಾರೆ. ಬೇರೆ ಅರ್ಜಿ ಕೊಟ್ಟು ಹೋಗಿ."

ಅವಳು ಬೇರೆ ಅರ್ಜಿಯನ್ನೂ ಕೊಟ್ಟಳು. ಮುಳುಗುವ ಪರವಾನಗಿ ಆಗಲೇ ಕೈಗೆ ಬಂತು, ಒಳ್ಳೆಯ ದಪ್ಪ ಕಾಗದ, ಮೂರು ಮುದ್ರೆ. ಸಾಹೇಬರು ಎರಡು ದಿನದಲ್ಲಿ ಬರುತ್ತಾರೆ ಎಂದಿದ್ದರಿಂದ ಇನ್ನೊಂದರ ಬಗ್ಗೆ ಅವಳು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಹೊಂಡದ ದಂಡೆಯ ಮೇಲೆ ಕಾರ್ಖಾನೆಗೆ ಕಾರ್ಖಾನೆಯೇ ನೆರೆದಿತ್ತು. ಅಮೆರಿಕದ ಸಬ್‌ಮರೀನು ಉದ್ದಕ್ಕೆ, ನುಣುಪಾಗಿ, ಕಪ್ಪು ಬಣ್ಣ ಬಳಿದುಕೊಂಡು ಮಲಗಿತ್ತು. ಒಳಗೆ ನೆಲಕ್ಕೂ ಗೋಡೆಗೂ ರಬ್ಬರು, ಕೂರಲು ದಪ್ಪನೆಯ ಸ್ಪಂಜು. ರಷ್ಯಾದ್ದು ಅದರ ಒಂದೂವರೆ ಪಟ್ಟು. ದೊಡ್ಡ ಟ್ಯಾಂಕಿನೊಳಗೆ ಸಣ್ಣ ಟ್ಯಾಂಕು, ಅಪಾಯ ಬಂದರೆ ಪಾರಾಗಲೆಂದು ನೆತ್ತಿಯ ಮೇಲೆ ಇನ್ನೊಂದು ಪುಟ್ಟ ಡಬ್ಬಿ. ಆ ಡಬ್ಬಿಯೊಳಗೆ ಅವನ ಒಂದು ಭುಜ ಮಾತ್ರ ಹಿಡಿಸುತ್ತಿತ್ತು. ಈಜುಕೊಳವನ್ನೂ ಅವನು ಮರೆತಿರಲಿಲ್ಲ. ಕಾಲು ನೆನೆಸಿಕೊಂಡು ಕೂರಲು ಪ್ಲಾಸ್ಟಿಕ್ ಟಬ್ಬೊಂದರಲ್ಲಿ ಬಿಸಿನೀರು ತುಂಬಿಸಿಕೊಂಡಿದ್ದ.

ನೌಕಾಬಲವೂ ಲೆಕ್ಕಕ್ಕೆ ಬರಬೇಕೆಂದು ಮೊದಲೇ ಮಾತಾಗಿತ್ತು. ಒಂದನೆಯ ಶೆಡ್ಡಿನವರು ಹನ್ನೊಂದು ನೀಲಿ ಡ್ರಮ್ಮುಗಳನ್ನು ಸಾಲಾಗಿ ತೇಲಿಬಿಟ್ಟರು. ಎರಡನೆಯ ಶೆಡ್ಡಿನವರು ಒಂದೇ ಒಂದು ಡ್ರಮ್ಮನ್ನು ದಂಡೆಯ ಮೇಲಿಟ್ಟು, ಪಕ್ಕದಲ್ಲಿ ಸ್ಪ್ಯಾನರು ಹಿಡಿದ ಒಬ್ಬನನ್ನು ಕೂರಿಸಿದರು.

ಸುಣ್ಣದಕ್ಕ ಎರಡರ ಬೆಸುಗೆಯನ್ನೂ ಹಿಂದಿನ ದಿನವೇ ಪರೀಕ್ಷಿಸಿದ್ದಳು. ಎಲ್ಲೂ ಒಂದು ಚುಕ್ಕೆ ಇಲ್ಲ. ಷಡ್ಡಕರಿಬ್ಬರೂ ಒಳಗೆ ಇಳಿದರು, ಮುಚ್ಚಳ ಬಿಗಿದರು, ಕೆಲಸಗಾರರು ತೂಕಕ್ಕೆಂದು ಕಲ್ಲಿನ ಚೀಲ ಕಟ್ಟಿದರು, ಕ್ರೇನು ಗೊರಗುಟ್ಟಿತು. ಹತ್ತು ಗಂಟೆಗೆ ಎರಡೂ ಹೊಂಡದ ತಳ ಮುಟ್ಟಿದವು. ಆಳದ ಲೆಕ್ಕದಲ್ಲಿ ಇಬ್ಬರೂ ಸಮ. ತಳಕ್ಕಿಂತ ಕೆಳಗೆ ಯಾರಿಗೂ ಜಾಗವಿರಲಿಲ್ಲ.

ಮುಂದಿನದು ಸದ್ದಿನ ಪರೀಕ್ಷೆ. ಅವಳು ರಷ್ಯಾದ ಕೊಳವೆಗೆ ಕಿವಿ ಇಟ್ಟಳು. ಮೊದಲು ಪಚಪಚ ಎಂದು ಟಬ್ಬಿನಲ್ಲಿ ಕಾಲಾಡಿಸುವ ಸದ್ದು. ಆಮೇಲೆ ಏನನ್ನೋ ಕರಕರ ಅಗಿಯುವ ಸದ್ದು. ಆಮೇಲೆ ಮಾತು. ಎರಡು ಗೋಡೆ ದಾಟಿ ತನ್ನ ದನಿ ಎಲ್ಲಿ ಹೋದೀತೆಂದು ಅವನು ಧೈರ್ಯವಾಗಿದ್ದ. ಕೊಳವೆಯ ಬಾಯಿ ಮೇಲೆ ತೆರೆದಿದೆ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ.

"ಹದಿನೈದು ವರ್ಷ. ಒಂದು ಸಲ, ಒಂದೇ ಒಂದು ಸಲ, ಚೆನ್ನಾಗಿ ಮಾಡಿದ್ದೀಯ ಕಣೋ ಅಂದಿದ್ರೆ ಈ ಅಣ್ಣನ ಗಂಟೇನು ಹೋಗ್ತಿತ್ತು? ಬರ್ತಾರೆ, ಬೆಸುಗೆ ನೋಡ್ತಾರೆ, ಹೋಗ್ತಾರೆ. ಮನೇಲಿ ನಿದ್ದೆ ಬರಲ್ಲ ನಂಗೆ. ಸರಿ ಇತ್ತೋ ಇಲ್ವೋ? ಎರಡನೇ ಗೋಡೆ ಹಾಕ್ದೆ ಇನ್ನೇನು ಮಾಡ್ಲಿ? ಒಂದು ಕೆಟ್ಟಿದ್ರೂ ಇನ್ನೊಂದಿರುತ್ತಲ್ಲ. ರಷ್ಯಾ ಯಾವ ದಿಕ್ಕಿಗಿದೆ ಅಂತಾನೂ ಗೊತ್ತಿಲ್ಲ ನಂಗೆ."

ಸುಣ್ಣದಕ್ಕ ಕೊಳವೆಯಿಂದ ಕಿವಿ ತೆಗೆದಳು. ಪಕ್ಕದಲ್ಲಿ ನಿಂತಿದ್ದ ತಂಗಿ "ಏನಂತಾರೆ ಅಕ್ಕ?" ಎಂದು ಕೇಳಿದಳು. "ಕಾಲು ತೊಳ್ಕೊತಿದ್ದಾನೆ," ಎಂದಳು ಸುಣ್ಣದಕ್ಕ.

ಆಮೇಲೆ ಗಂಡನ ಕೊಳವೆಗೆ ಕಿವಿ ಕೊಟ್ಟಳು. ಏನೂ ಇಲ್ಲ. ಕೆಮ್ಮಿಲ್ಲ, ನಿಟ್ಟುಸಿರಿಲ್ಲ, ಉಸಿರೂ ಇಲ್ಲ. ಐದು ನಿಮಿಷ ಕಾದಳು. "ರೀ," ಎಂದಳು. ಉತ್ತರವಿಲ್ಲ. "ರೀ, ಇದ್ದೀರಾ?" ಉತ್ತರವಿಲ್ಲ. ಇಪ್ಪತ್ತೆರಡು ವರ್ಷ ಮನೆಯಲ್ಲಿ ಇದೇ ಪ್ರಶ್ನೆಗೆ ಇದೇ ಉತ್ತರ ಕೇಳಿದವಳು ಅವಳು. ಆದರೆ ಮನೆಯಲ್ಲಿ ನಡುವೆ ಮೂವತ್ತಡಿ ನೀರು ಇರಲಿಲ್ಲ.

"ಎತ್ತಿ! ಕ್ರೇನು ಎತ್ತಿ!" ಎಂದು ಕೂಗಿದಳು.

ಪೀಪಿಯ ಸದ್ದಾಯಿತು. ಹೊಂಡದ ಕಾವಲುಗಾರ ಕೈ ಅಡ್ಡ ಹಿಡಿದು ನಿಂತಿದ್ದ. "ಏಳೋ ಪರವಾನಗಿ ತೋರಿಸಿ."

"ಸಾಹೇಬರು ರಜದಿಂದ ಬಂದಿಲ್ಲ, ಇನ್ನೂ ರುಜು ಆಗಿಲ್ಲ. ಅರ್ಜಿ ಕೊಟ್ಟಿದ್ದೀನಿ ಕಣಪ್ಪ!"

"ಹಾಗಾದ್ರೆ ಸಾಹೇಬರು ಬರೋವರೆಗೂ ಅವರು ಅಲ್ಲೇ ಇರ್ಬೇಕು. ನಾನೇನು ಕೆಟ್ಟವನಲ್ಲಕ್ಕ. ಮುಳುಗೋಕೆ ಎಷ್ಟು ಬೇಕಾದ್ರೂ ಮುಳುಗಿ, ಬೇಕಿದ್ರೆ ನೀವೂ ಮುಳುಗಿ, ನಾನು ಅಡ್ಡ ಬರಲ್ಲ. ಅದಕ್ಕೆ ಕಾಗದ ಇದೆ. ಹೊಂಡದಲ್ಲಿರೋ ವಸ್ತು ಒಂದಿಂಚು ಮೇಲೆದ್ರೆ ಮಾತ್ರ ನನ್ನ ಕೆಲಸ ಹೋಗುತ್ತೆ."

ಕ್ರೇನಿನವನು ಕಾಗದ ಗೀಗದ ಉಸಾಬರಿ ತನಗೆ ಬೇಡವೆಂದು ಎಂಜಿನು ಬಂದ್ ಮಾಡಿ ಕೆಳಗಿಳಿದ. ಮಾಲೀಕರು ಮುಳುಗುವ ಪರವಾನಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಾವಲುಗಾರ ಹೇಳೋದು ಸರಿ, ಏಳೋ ವಿಷಯ ಇದರಲ್ಲಿ ಎಲ್ಲೂ ಇಲ್ಲ," ಎಂದು ತಲೆದೂಗಿದರು. ತಂಗಿ ಅಳಲು ಶುರುಮಾಡಿದಳು. ಕೊಳವೆಯಿಂದ ಪಚಪಚ ಸದ್ದು ಕೇಳುತ್ತಲೇ ಇತ್ತು.

ಸುಣ್ಣದಕ್ಕ ದಂಡೆಯ ಮೇಲೆ ಕೂತಳು. ತಲೆ ಮೇಲೆ ಕೈ ಹೊತ್ತುಕೊಳ್ಳುವುದಕ್ಕೆ ಅವಳಿಗೆ ಹೊತ್ತಿರಲಿಲ್ಲ, ನೀರನ್ನೇ ದಿಟ್ಟಿಸಿದಳು. ನೀರು ಎಲ್ಲಿ ಒಳಗೆ ಬರುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ ಎಂದು ನೋಡುವುದರಲ್ಲೇ ಅವಳ ಅರ್ಧ ಆಯುಸ್ಸು ಕಳೆದಿತ್ತು. ಎದ್ದು ಕಾವಲುಗಾರನ ಹತ್ತಿರ ಹೋದಳು.

"ಅವರು ಮೇಲೆ ಬರಬಾರದು, ಅಷ್ಟೇ ತಾನೆ? ನೀರು ಕೆಳಗೆ ಹೋಗಬಹುದಾ?"

ಕಾವಲುಗಾರ ಜೇಬಿನಿಂದ ನಿಯಮದ ಪುಸ್ತಕ ತೆಗೆದು, ಬೆರಳಿಟ್ಟು ಸಾಲು ಸಾಲಾಗಿ ಓದಿದ. "ನೀರಿನ ಬಗ್ಗೆ ಏನೂ ಹೇಳಿಲ್ಲ," ಎಂದ ಕೊನೆಗೆ.

ಮಾಲೀಕರಿಗೊಬ್ಬ ತಮ್ಮನಿದ್ದ, ಪಂಪುಗಳನ್ನು ಬಾಡಿಗೆಗೆ ಕೊಡುವವನು; ಅವನಿಗೆ ಹೇಳಿ ಕಳಿಸಿದರು. ಹನ್ನೊಂದೂವರೆಗೆ ಲಾರಿಯಲ್ಲಿ ಹದಿನಾಲ್ಕು ಪಂಪುಗಳು ಬಂದವು. ಎರಡು ಶೆಡ್ಡಿನವರೂ ಅಮೆರಿಕ ರಷ್ಯಾ ಎನ್ನದೆ ಪೈಪು ಹೊತ್ತರು. ಪಂಪುಗಳು ಒಂದಾದ ಮೇಲೊಂದು ಹೂಂಕರಿಸಿದವು. ನೀರು ಇಳಿಜಾರಿನಲ್ಲಿ ಹರಿದು ಕೆಳಗಿನ ಆಟದ ಮೈದಾನಕ್ಕೆ ನುಗ್ಗಿತು. ಅಲ್ಲಿ ಫುಟ್‌ಬಾಲ್ ಆಡುತ್ತಿದ್ದವರು ಮೊಣಕಾಲುದ್ದ ನೀರಿನಲ್ಲಿ ಆಟ ಮುಂದುವರಿಸಿದರು, ಸೋಲುತ್ತಿದ್ದ ಕಡೆಯವರು ಗೆದ್ದರು. ಹನ್ನೊಂದು ನೀಲಿ ಡ್ರಮ್ಮುಗಳು ನೀರಿನ ಜೊತೆ ಮೆಲ್ಲಗೆ ಕೆಳಗಿಳಿಯುತ್ತ ಹೋದವು. ರಿಪೇರಿಯಲ್ಲಿದ್ದ ಡ್ರಮ್ಮು ಮಾತ್ರ ದಂಡೆಯ ಮೇಲೆ ಭದ್ರವಾಗಿತ್ತು. ಇದು ತಮಗೆ ಸಂದ ಜಯವೆಂದು ಎರಡನೆಯ ಶೆಡ್ಡಿನವರು ಬರೆದಿಟ್ಟುಕೊಳ್ಳಲು ಹೇಳಿದರು.

ಸುಣ್ಣದಕ್ಕ ಗಂಡನ ಕೊಳವೆ ಬಿಟ್ಟು ಕದಲಲಿಲ್ಲ. ಮೊದಲು ಬೇಡಿಕೊಂಡಳು, ಆಮೇಲೆ ಬೈದಳು. "ರೀ, ನೀವು ಸತ್ತಿದ್ರೆ ಹೇಳಿಬಿಡಿ, ನಾನು ಅಳೋಕಾದ್ರೂ ಶುರು ಮಾಡ್ತೀನಿ. ಬದುಕಿದ್ರೆ ಒಂದು ಸಲ ಹೂಂ ಅನ್ನಿ. ಒಂದು ಹೂಂ! ಅದಕ್ಕೇನು ಪೆಟ್ರೋಲು ಖರ್ಚಾಗುತ್ತಾ?" ಕೊಳವೆ ಮೂಕವಾಗಿಯೇ ಇತ್ತು.

ಸಂಜೆ ನಾಲ್ಕೂವರೆಗೆ ರಷ್ಯಾದ ಬೆನ್ನು ಕಾಣಿಸಿತು, ಐದಕ್ಕೆ ಅಮೆರಿಕದ್ದು. ಎರಡೂ ಇಳಿದಲ್ಲೇ ಇದ್ದವು, ಒಂದಿಂಚೂ ಎದ್ದಿರಲಿಲ್ಲ. ಕಾವಲುಗಾರ ಇಣುಕಿ ನೋಡಿ, ಪುಸ್ತಕದಲ್ಲಿ 'ಏಳಲಿಲ್ಲ' ಎಂದು ಬರೆದು ಹೊತ್ತನ್ನೂ ನಮೂದಿಸಿದ. ಒಳಗಿರುವ ಮನುಷ್ಯರು ಏಣಿ ಹತ್ತಿ ಬರಬಹುದೇ ಎಂದು ಕೇಳಿದ್ದಕ್ಕೆ, "ಮನುಷ್ಯರು ಹತ್ತೋದಕ್ಕೆ ಅರ್ಜಿ ಬೇಡ," ಎಂದ.

ಏಣಿ ಇಳಿಬಿಟ್ಟ ಕೂಡಲೇ ಸುಣ್ಣದಕ್ಕನೇ ಮೊದಲು ಇಳಿದಳು. ಕೆಸರಿನಲ್ಲಿ ಮೊಣಕಾಲವರೆಗೂ ಹುಗಿಯುತ್ತ ಹೋಗಿ ಅಮೆರಿಕದ ಮುಚ್ಚಳ ತಿರುಗಿಸಿ ತೆಗೆದಳು. ಗಂಡ ಸ್ಪಂಜಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದ. ಮೈಯೆಲ್ಲ ಬೆವರು. ಬೆಳಕಿಗೆ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ.

"ಕರೆದಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ?"

"ಮಾತಾಡಿದ್ರೆ ಎಲ್ಲಿದ್ದೀನಿ ಅಂತ ಗೊತ್ತಾಗಿಬಿಡುತ್ತಲ್ಲ."

ಸುಣ್ಣದಕ್ಕ ಒಂದು ಹಿಡಿ ಕೆಸರು ತೆಗೆದು ಅವನ ನೆತ್ತಿಯ ಮೇಲೆ ಮೆತ್ತಿದಳು. ಆಮೇಲೆ ಕೆಸರಿನಲ್ಲೇ ಕೂತು ಗೊಳೋ ಎಂದು ಅತ್ತಳು. ಅವನು ಗಾಬರಿಯಾಗಿ ಹೊರಗೆ ಬಂದು, ಅವಳ ಪಕ್ಕ ನಿಂತು, ಏನು ಮಾಡಬೇಕೆಂದು ತಿಳಿಯದೆ ತನ್ನ ಹಡಗಿನ ಮೈಯನ್ನು ಸವರತೊಡಗಿದ.

"ಅದನ್ನು ಯಾಕೆ ಸವರ್ತೀರಿ?" ಎಂದಳು ಅವಳು ಮೂಗೊರೆಸಿಕೊಳ್ಳುತ್ತ. "ಆ ಕಡೆ ಒಬ್ಬ ಹದಿನೈದು ವರ್ಷದಿಂದ ನಿಮ್ಮ ಒಂದು ಮಾತಿಗೆ ಕಾಯ್ತಾ ಇದ್ದಾನೆ. ಚೆನ್ನಾಗಿ ಮಾಡಿದ್ದೀಯ ಅಂತ ಒಂದು ದಿನ ಹೇಳಿಲ್ವಂತೆ ನೀವು. ಅದಕ್ಕೇ ಎಲ್ಲದಕ್ಕೂ ಎರಡೆರಡು ಗೋಡೆ ಹಾಕ್ತಾನಂತೆ. ಕೊಳವೇಲಿ ಎಲ್ಲಾ ಕೇಳಿಸ್ತು ನಂಗೆ."

ಗಂಡ ನಿಜವಾಗಿಯೂ ಬೆರಗಾದ. "ಹೇಳಿಲ್ವಾ? ದಿನಾ ಹೇಳ್ತೀನಲ್ಲ!"

"ಯಾವಾಗ?"

"ಬೆಸುಗೆ ನೋಡಿದಾಗೆಲ್ಲ. ಮನಸ್ಸಲ್ಲಿ."

ಆ ಹೊತ್ತಿಗೆ ತಂಗಿಯ ಗಂಡ ಒಂದು ಮುಚ್ಚಳ ತೆಗೆದು, ಅದರೊಳಗಿನ ಇನ್ನೊಂದು ಮುಚ್ಚಳ ತೆಗೆದು ಹೊರಗೆ ಬಂದಿದ್ದ. ಏಳು ಗಂಟೆ ನೀರಿನಲ್ಲಿ ನೆನೆದ ಅವನ ಕಾಲುಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಷಡ್ಡಕ ಅವನ ಕಡೆ ನಡೆದ. ಎರಡು ಸಲ ಗಂಟಲು ಸರಿಮಾಡಿಕೊಂಡ. ಮೇಲೆ ದಂಡೆಯ ಮೇಲಿದ್ದವರೆಲ್ಲ ಬಗ್ಗಿ ನೋಡುತ್ತಿದ್ದರು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಏನಣ್ಣ, ಎದೆ ನೋವಾ?" ಎಂದ ತಂಗಿಯ ಗಂಡ ಹೆದರಿ.

"ಚೆನ್ನಾಗಿ," ಎಂದ ಷಡ್ಡಕ. ಬೆವರೊರೆಸಿಕೊಂಡ. "ಮಾಡಿದ್ದೀಯ."

ತಂಗಿಯ ಗಂಡ ತನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಆಮೇಲೆ ಅವನು ಅಳುವುದಕ್ಕೆ ಶುರುವಿಟ್ಟ ದನಿಗೆ ಮೈದಾನದ ಆಟಗಾರರೂ ನಿಂತು ಇತ್ತ ನೋಡಿದರಂತೆ.

ಮಾಲೀಕರು ತೀರ್ಪು ಕೇಳಿದರು. ಸುಣ್ಣದಕ್ಕ ಎರಡನ್ನೂ ಫೇಲು ಮಾಡಿದಳು. ಸೋರದ ಟ್ಯಾಂಕನ್ನು ಅವಳು ಫೇಲು ಮಾಡಿದ್ದು ಅದೇ ಮೊದಲು. "ಒಂದರಲ್ಲಿ ಒಳಗಿರೋನು ಬದುಕಿದ್ದಾನಾ ಅಂತ ಹೊರಗಿರೋರಿಗೆ ಗೊತ್ತಾಗಲ್ಲ. ಇನ್ನೊಂದರಲ್ಲಿ ಹೊರಗಿರೋರಿಗೆ ಎಲ್ಲಾ ಗೊತ್ತಾಗುತ್ತೆ ಅನ್ನೋದು ಒಳಗಿರೋನಿಗೇ ಗೊತ್ತಿಲ್ಲ. ಇಂಥ ಹಡಗಲ್ಲಿ ಯಾರೂ ಕೂರಬಾರದು," ಎಂದಳು. ಮಾಲೀಕರು ಹೊಸ ಮಾದರಿಯ ಯೋಚನೆ ಬಿಟ್ಟು ಹಳೆಯದನ್ನೇ ಮುಂದುವರಿಸಿದರು.

ಏಳುವ ಪರವಾನಗಿ ಮುಂದಿನ ವಾರ ಬಂತು. 'ನೀರಿನಿಂದ ಎತ್ತತಕ್ಕದ್ದು' ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನೀರೇ ಇಲ್ಲದ ಹೊಂಡದಿಂದ ಎತ್ತುವಂತಿಲ್ಲವೆಂದು ಕಾವಲುಗಾರ ಕೈಚೆಲ್ಲಿದ. ಹೀಗಾಗಿ ಎರಡೂ ಸಬ್‌ಮರೀನುಗಳು ಒಣಗಿದ ತಳದಲ್ಲಿ ಅಕ್ಕಪಕ್ಕ ಉಳಿದವು.

ಭಾನುವಾರಗಳಲ್ಲಿ ಷಡ್ಡಕರಿಬ್ಬರೂ ಏಣಿ ಇಳಿದು ಅವುಗಳ ಬೆನ್ನ ಮೇಲೆ ಎದುರುಬದುರು ಕೂರುವುದು ರೂಢಿಯಾಯಿತು. ಅಕ್ಕತಂಗಿಯರು ಫ್ಲಾಸ್ಕಿನಲ್ಲಿ ಚಹಾ ತಂದುಕೊಡುತ್ತಿದ್ದರು. ಗಂಡ ಈಗ ಮಾತಾಡುವುದನ್ನು ಕಲಿಯುತ್ತಿದ್ದ. ಒಂದು ವಾಕ್ಯ ಎತ್ತಿಕೊಂಡರೆ ಅದರ ಕರ್ತೃ ಮೊದಲ ಲೋಟಕ್ಕೆ ಬರುತ್ತಿತ್ತು, ಕರ್ಮ ಎರಡನೆಯ ಲೋಟಕ್ಕೆ. ತಂಗಿಯ ಗಂಡ ಹುಟ್ಟಿದಂದಿನಿಂದ ಎಂದೂ ತೋರಿಸದ ತಾಳ್ಮೆಯಿಂದ, ಗಲ್ಲಕ್ಕೆ ಕೈ ಕೊಟ್ಟು, ಕ್ರಿಯಾಪದಕ್ಕಾಗಿ ಕಾಯುತ್ತಿದ್ದ. ಒಂದು ಭಾನುವಾರ ಬಿಸಿಲು ಇಳಿಯುವವರೆಗೂ ಕಾದ ಸುಣ್ಣದಕ್ಕ ಕೊನೆಗೆ ಲೋಟಗಳನ್ನು ತೊಳೆದು ಚೀಲಕ್ಕೆ ಹಾಕಿ, "ಬಾರೆ, ನಾವು ಹೋಗೋಣ, ಇದು ಮುಗಿಯೋ ಹಾಗೆ ಕಾಣ್ತಿಲ್ಲ," ಎಂದು ತಂಗಿಯನ್ನು ಎಬ್ಬಿಸಿಕೊಂಡು ಏಣಿ ಹತ್ತಿದಳು.